ಕಪ್ಪತಗುಡ್ಡದಲ್ಲಿ ನಮ್ಮ ಬಾಟನಿ ಕ್ಲಾಸು

ಡಿಗ್ರಿಯಲ್ಲಿ ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂವಾಲಜಿ) ತಗೊಂಡವರಿಗೆ ನಮ್ಮ ಕಾಲದಲ್ಲಿ ಹರ್ಬೇರಿಯಂ ಕಡ್ಡಾಯವಾಗಿತ್ತು. ಗಿಡ ತಂದು, ಹಳೇ ಪೇಪರ್ ನಡುವೆ ಒತ್ತಿ ಒಣಗಿಸಿ, ದಪ್ಪ ಹಾಳೆಗೆ ಅಂಟಿಸಿ, ಕೆಳಗೆ ಲ್ಯಾಟಿನ್ ಹೆಸರು ಬರೆದು ಪ್ರ್ಯಾಕ್ಟಿಕಲ್ ಪರೀಕ್ಷೆಯ ದಿನ ಇಡಬೇಕಿತ್ತು. ಎಲ್ಲ ಕಾಲೇಜುಗಳಲ್ಲೂ ಇದು ಇದ್ದದ್ದೇ. ನಮ್ಮ ಬಾಟನಿ ಸರ್ ಮಾತ್ರ ಲೇಬಲ್‌ನಲ್ಲಿ ಎರಡು ಸಾಲು ಜಾಸ್ತಿ ಬರೆಸುತ್ತಿದ್ದರು. ಒಂದು, ‘ಊರಲ್ಲಿ ಇದನ್ನು ಯಾತಕ್ಕೆ ಬಳಸುತ್ತಾರೆ’. ಇನ್ನೊಂದು, ‘ಯಾರು ಹೇಳಿದರು’. ಎರಡನೇ ಸಾಲು ಖಾಲಿ ಇದ್ದರೆ ಹಾಳೆ ವಾಪಸ್ ಬರುತ್ತಿತ್ತು. ಪುಸ್ತಕ ನೋಡಿ ಬರೆದರೂ ಅವರಿಗೆ ಗೊತ್ತಾಗುತ್ತಿತ್ತು. ಹೀಗಾಗಿ ನಾವು ಗಿಡ ಹುಡುಕುವುದಕ್ಕಿಂತ ಜಾಸ್ತಿ ಜನರನ್ನು ಹುಡುಕಿಕೊಂಡು ತಿರುಗಿದೆವು.

ಇದು 1990ರ ದಶಕದ ಮಾತು. ಗದಗ ಆಗಿನ್ನೂ ಬೇರೆ ಜಿಲ್ಲೆಯಾಗಿರಲಿಲ್ಲ. 1997ರವರೆಗೆ ನಾವು ಧಾರವಾಡ ಜಿಲ್ಲೆಯವರೇ. ಬಾಟನಿ ಟೂರ್ ಅಂದರೆ ಬೇರೆ ಕಾಲೇಜಿನವರು ದಾಂಡೇಲಿ, ಶಿರಸಿ, ಜೋಗ ಅಂತ ಪಶ್ಚಿಮಕ್ಕೆ ಹೊರಡುತ್ತಿದ್ದರು. ನಮ್ಮನ್ನು ಸರ್ ಮುಂಡರಗಿ ಬಸ್ಸಿಗೆ ಹತ್ತಿಸಿ ಡಂಬಳದ ಕಡೆ ಕರೆದೊಯ್ಯುತ್ತಿದ್ದರು. ಕೈಯಲ್ಲಿ ಬುತ್ತಿಗಂಟು, ಹೆಗಲಿಗೆ ಗಿಡ ಒತ್ತಿಡುವ ಪ್ಲ್ಯಾಂಟ್ ಪ್ರೆಸ್. ನಮಗೆ ಬೇಜಾರೇ ಆಗಿತ್ತು. ದಿನಾ ಕಣ್ಣಿಗೆ ಬೀಳುವ ಗುಡ್ಡದಲ್ಲಿ ಏನಿದೆ ನೋಡೋಕೆ, ಅಲ್ವಾ?

ಗೊತ್ತಿಲ್ಲದವರಿಗೆ ಒಂದು ಮಾತು. ಕಪ್ಪತಗುಡ್ಡ ಒಂದೇ ಗುಡ್ಡವಲ್ಲ, ಗುಡ್ಡಗಳ ಸಾಲು. ಗದಗದ ಪಕ್ಕದ ಬಿಂಕದಕಟ್ಟಿಯಿಂದ ತುಂಗಭದ್ರೆ ದಂಡೆಯ ಸಿಂಗಟಾಲೂರಿನವರೆಗೆ ಗದಗ, ಶಿರಹಟ್ಟಿ, ಮುಂಡರಗಿ ತಾಲೂಕುಗಳಲ್ಲಿ ಚಾಚಿಕೊಂಡಿದೆ. ಕೆಳಗೆ ಕಪ್ಪು ಮಣ್ಣಿನ ಎರೆ ಹೊಲ, ಕೆಂಪು ಮಣ್ಣಿನ ಮಸಾರಿ ಹೊಲ. ಮೇಲೆ ಕಬ್ಬಿಣದ ಅಂಶ ತುಂಬಿದ ಕೆಂಪು ಕಲ್ಲು. ಮಳೆ ಕಡಿಮೆ, ಗಾಳಿ ಜಾಸ್ತಿ. ಉತ್ತರ ಕರ್ನಾಟಕದ ಸಹ್ಯಾದ್ರಿ ಅಂತ ಇದನ್ನು ಕರೆಯುತ್ತಾರೆ. ಅಭಿಮಾನದ ಮಾತೇನೋ ಹೌದು. ಆದರೆ ನನಗೆ ಆ ಹೋಲಿಕೆ ಅಷ್ಟು ಒಪ್ಪಿಗೆಯಿಲ್ಲ. ಸಹ್ಯಾದ್ರಿಯ ಹಸಿರನ್ನು ಇಲ್ಲಿ ಹುಡುಕಿದರೆ ಸಿಗುವುದಿಲ್ಲ. ಇಲ್ಲಿರುವುದು ಬೇರೆಯೇ ಜಾತಿಯ ಜಾಣತನ. ಕಡಿಮೆ ನೀರಿನಲ್ಲಿ ಬಾಳುವ ಗಿಡಗಳದ್ದು, ಅಂಥ ಗಿಡಗಳ ನಡುವೆ ಬಾಳಿದ ಜನರದ್ದು.

ಸರ್ ನಮ್ಮನ್ನು ಮೊದಲು ಕರೆದೊಯ್ದದ್ದು ಬೇಸಿಗೆಯಲ್ಲಿ, ಬೇಕಂತಲೇ. ಗುಡ್ಡ ಬೋಳಾಗಿ ನಿಂತಿತ್ತು. ಒಣಗಿದ ಬಾದೆ ಹುಲ್ಲು, ಎಲೆ ಉದುರಿದ ಕಗ್ಗಲಿ, ಮುಳ್ಳು. ‘ಇಲ್ಲಿ ಜೀವ ಎಲ್ಲೆಲ್ಲಿ ಅಡಗಿದೆ, ತೋರಿಸಿ’ ಅಂದರು. ಕಲ್ಲಿನ ಸಂದಿಯಲ್ಲಿ ಎಲೆಯೇ ಇಲ್ಲದೆ ಬರೀ ಒಂದು ಹೂದಂಟು ಎದ್ದು ನಿಂತಿತ್ತು. ಅದು ಕಾಡು ಈರುಳ್ಳಿ. ಗಡ್ಡೆಯಲ್ಲಿ ಕೂಡಿಟ್ಟ ನೀರು, ಆಹಾರ ಎರಡನ್ನೂ ಖರ್ಚು ಮಾಡಿ ಬೇಸಿಗೆಯಲ್ಲೇ ಹೂ ಬಿಟ್ಟು ಮುಗಿಸುತ್ತದೆ. ಎಲೆ ಬರುವುದು ಮಳೆ ಬಿದ್ದ ಮೇಲೆ. ಕೆಲವು ಗಿಡಗಳು ಬೀಜವಾಗಿ ಮಲಗಿರುತ್ತವೆ, ಕೆಲವು ಗಡ್ಡೆಯಾಗಿ. ಮಂಗರವಳ್ಳಿ ತನ್ನ ಚೌಕ ಕಾಂಡದಲ್ಲೇ ನೀರು ಇಟ್ಟುಕೊಂಡು ಬೇಲಿಯ ಮೇಲೆ ಹಸಿರಾಗಿ ಬಿದ್ದಿರುತ್ತದೆ.

ಆ ಬಿಸಿಲಲ್ಲೂ ಹಸಿರಾಗಿ ಹೊಳೆಯುತ್ತಿದ್ದ ಪೊದೆ ಬಂದರಿಕೆ. ಎಲೆ ಬೆರಳಿಗೆ ಜಿಗುಟು ಜಿಗುಟು. ಎಲೆಯ ಮೇಲಿರುವ ಆ ರಾಳವೇ ನೀರು ಆರಿಹೋಗದಂತೆ ತಡೆಯುತ್ತದೆ ಅಂತ ಸರ್ ತೋರಿಸಿದರು. ಕಾಯಿಗೆ ತೆಳ್ಳನೆಯ ರೆಕ್ಕೆಗಳಿವೆ. ಒಣಗಿದ ಮೇಲೆ ಗಾಳಿ ಎತ್ತಿಕೊಂಡು ಹೋಗುತ್ತದೆ. ಗಾಳಿ ಗುಡ್ಡಕ್ಕೆ ಹೇಳಿ ಮಾಡಿಸಿದ ಗಿಡ. ಇಷ್ಟು ಪಠ್ಯದಲ್ಲೂ ಇತ್ತು. ಅಲ್ಲೇ ಕುರಿ ಮೇಯಿಸುತ್ತಿದ್ದ ಒಬ್ಬ ಅಜ್ಜ ಬಂದು ಉಳಿದದ್ದನ್ನು ಹೇಳಿದ. ಕುರಿಯ ಕಾಲು ಮುರಿದರೆ ಇದೇ ಸೊಪ್ಪನ್ನು ಜಜ್ಜಿ, ಬೆಚ್ಚಗೆ ಮಾಡಿ ಕಟ್ಟಿ, ಮೇಲೆ ಬಿದಿರಿನ ದಬ್ಬೆ ಬಿಗಿಯುತ್ತಾರಂತೆ. ಉಳುಕಿದರೆ ಮನುಷ್ಯರಿಗೂ ಇದೇ ಅಂತ. ಆ ಅಜ್ಜ ಸುತ್ತಲ ಹಳ್ಳಿಗಳಿಗೆ ಎಲುಬು ಕಟ್ಟುವವನು ಅಂತ ಆಮೇಲೆ ತಿಳಿಯಿತು. ಸರ್ ಚಪ್ಪಲಿ ಬಿಟ್ಟು ಅವನ ಎದುರಿಗೆ ನೆಲದ ಮೇಲೆ ಕೂತು ನೋಟ್‌ಬುಕ್ ತೆಗೆದರು. ಪಿಎಚ್.ಡಿ. ಮಾಡಿದ ಮನುಷ್ಯ ಕುರಿಗಾಹಿಯ ಮುಂದೆ ವಿದ್ಯಾರ್ಥಿಯ ಹಾಗೆ ಕೂತದ್ದನ್ನು ನಾವು ಅಲ್ಲೇ ನೋಡಿದ್ದು.

ಅಜ್ಜನ ಜೊತೆ ಮತ್ತೆ ತಿರುಗಿದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಅದೇ ಗುಡ್ಡ ಅಂದರೆ ನಂಬುವಂತಿರಲಿಲ್ಲ. ಕಾಲಿಟ್ಟಲ್ಲೆಲ್ಲ ಬಳ್ಳಿ. ಅಮೃತಬಳ್ಳಿ, ಸೊಗದೆ ಬೇರಿನ ಬಳ್ಳಿ, ಕೆಂಪು ಹಳದಿ ಜ್ವಾಲೆಯಂಥ ಗೌರಿ ಹೂ. ಹೂವಿಗೆ ಕೈ ಹಾಕಿದ ಗೆಳೆಯನಿಗೆ ಅಜ್ಜ, ‘ಕಣ್ಣಿಗೆ ಚೆಂದ ತಮ್ಮಾ, ಹೊಟ್ಟಿಗೆ ಹೋದ್ರ ಜೀವಾ ತಗೀತೈತಿ. ಗಡ್ಡಿ ಮುಟ್ಟಬ್ಯಾಡ’ ಅಂದ. ನಾವು ಕ್ಲಾಸಿನಲ್ಲಿ ಓದಿದ್ದ ಕಾಲ್ಚಿಸಿನ್ ಇದರ ಗಡ್ಡೆಯಲ್ಲೂ ಬೀಜದಲ್ಲೂ ಇದೆ. ಲ್ಯಾಬಿನಲ್ಲಿ ಗಿಡಗಳ ಕ್ರೋಮೋಸೋಮ್ ಸಂಖ್ಯೆ ದುಪ್ಪಟ್ಟು ಮಾಡಲು ಬಳಸುವ ಅದೇ ರಾಸಾಯನಿಕ. ಸಂಧಿವಾತದ ಒಂದು ಬಗೆಗೆ ಡಾಕ್ಟರು ಅಳೆದು ಕೊಡುವ ಔಷಧವೂ ಅದೇ. ಯಾವುದನ್ನು ಮುಟ್ಟಬಾರದು ಅನ್ನುವುದು ಸಸ್ಯಜ್ಞಾನದ ಅರ್ಧ ಪಾಲು. ನಾಟಿ ಔಷಧ ಅಂದರೆ ಏನೂ ತೊಂದರೆಯಿಲ್ಲ ಅಂತ ಈಗ ಸುಮ್ನೆ ಹೇಳಿಬಿಡುತ್ತಾರಲ್ಲ, ಅಂಥ ಮಾತನ್ನು ನಾನು ಆ ಅಜ್ಜನ ಬಾಯಲ್ಲಿ ಕೇಳಲೇ ಇಲ್ಲ.

ಶತಾವರಿ ಅಗೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕಡೆ ಕೆಲವರು ಹಲವು ಮಕ್ಕಳ ತಾಯಿ ಬೇರು ಅನ್ನುತ್ತಾರೆ. ಮುಳ್ಳಿನ ಬಳ್ಳಿ, ಸೂಜಿಯಂಥ ಎಲೆ. ಅಜ್ಜ ಮೊದಲು ಬಳ್ಳಿಯನ್ನು ಮೇಲಿಂದ ಕೆಳಗೆ ನೋಡಿದ. ಕಾಯಿ ಇದೆಯೇ, ಹಣ್ಣಾಗಿದೆಯೇ ಅಂತ. ಒಂದು ಬಳ್ಳಿ ಬಿಟ್ಟ, ಇನ್ನೊಂದನ್ನೂ ಬಿಟ್ಟ. ಎಳೆಯವು ಅಂದ. ಮೂರನೆಯದರ ಬುಡದಲ್ಲಿ ಕೂತು ಚಿಕ್ಕ ಹಾರೆಯಿಂದ ಒಂದೇ ಪಕ್ಕದಲ್ಲಿ ಮಣ್ಣು ಸಡಿಲಿಸಿದ. ಬುಡದಿಂದ ಸುತ್ತಲೂ ಬೆರಳು ದಪ್ಪದ ಬಿಳಿ ಗಡ್ಡೆಗಳು ಗೊಂಚಲಾಗಿ ಇಳಿದಿದ್ದವು. ಆ ಪಕ್ಕದ ನಾಲ್ಕೈದನ್ನು ಮಾತ್ರ ಕುಡಗೋಲಿನಿಂದ ಕೊಯ್ದ. ಉಳಿದದ್ದನ್ನು ಮುಟ್ಟಲಿಲ್ಲ. ಮಣ್ಣು ಎಳೆದು, ಅಂಗೈಯಿಂದ ಒತ್ತಿ, ಮೇಲೆ ಒಂದಿಷ್ಟು ಒಣ ಎಲೆ ಹಾಕಿದ. ‘ತೆಲಿ ಮಣ್ಣಾಗ ಇದ್ರ ಮತ್ತ ಬರ್ತೈತಿ. ಎಲ್ಲಾ ಕಿತ್ತರ ಮುಂದಿನ ವರ್ಷ ಯಾರಿಗೆ ಏನ್ ಕೊಡಲಿ?’

ಗುಡ್ಡದ ಬುಡದಲ್ಲಿ ಒಂದು ಕರಿಜಾಲಿ ಮರ. ಒಸಡಿನ ನೋವಿಗೆ ಅದರ ತೊಗಟೆ ಬೇಕಿತ್ತು. ಸೂರ್ಯ ಹುಟ್ಟುವ ಕಡೆಯಿಂದ ಮಾತ್ರ, ಅದೂ ಅಂಗೈಯಷ್ಟೇ ಅಗಲ ತೆಗೆದ. ಹಿಂದಿನ ಸಲ ತೆಗೆದ ಗಾಯ ಆಚೆ ಪಕ್ಕದಲ್ಲಿ ಮುಚ್ಚಿಕೊಂಡಿತ್ತು. ಸೂರ್ಯನ ದಿಕ್ಕೇ ಯಾಕೆ ಅಂತ ಕೇಳಿದರೆ ‘ಹಿರ್‍ಯಾರು ಹೇಳ್ಯಾರ’ ಅಂದ. ಸರ್ ನಮ್ಮ ಕಡೆ ತಿರುಗಿ ಫ್ಲೋಯಂ ಎಲ್ಲಿರುತ್ತದೆ ಅಂತ ಕೇಳಿದರು. ತೊಗಟೆಯ ಒಳಪದರದಲ್ಲಿ. ಎಲೆ ತಯಾರಿಸಿದ ಆಹಾರ ಬೇರಿಗೆ ಇಳಿಯುವುದು ಅದರಲ್ಲೇ. ಮರದ ಸುತ್ತ ಉಂಗುರದ ಹಾಗೆ ತೊಗಟೆ ತೆಗೆದರೆ ಬೇರು ಉಪವಾಸ ಬಿದ್ದು ಮರ ಸಾಯುತ್ತದೆ. ದಿಕ್ಕಿನ ಮಾತು ನಂಬಿಕೆಯದ್ದೇ ಇರಬಹುದು. ಆದರೆ ಒಂದು ದಿಕ್ಕಿನಿಂದ ಮಾತ್ರ ತೆಗೆಯುವವನು ಮರವನ್ನು ಕೊಲ್ಲುವುದಿಲ್ಲ. ಇದನ್ನು ಸರ್ ಹೇಳಿದ ಮೇಲೆ ಫ್ಲೋಯಂ ನನಗೆ ಯಾವತ್ತೂ ಮರೆತಿಲ್ಲ. ಈಗ ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತೇನೆ. ಈ ಪಾಠ ಬಂದಾಗ ಅಜ್ಜನ ಕರಿಜಾಲಿಯನ್ನೇ ಹೇಳುತ್ತೇನೆ.

ಮಧುನಾಶಿನಿ ತಿಂದ ಮಧ್ಯಾಹ್ನ ನಮ್ಮ ಬ್ಯಾಚಿನವರಿಗೆಲ್ಲ ನೆನಪಿದೆ. ಊಟಕ್ಕೆ ಕೂತಾಗ ಸರ್ ಒಂದೊಂದು ಎಲೆ ಕೊಟ್ಟು ಚೆನ್ನಾಗಿ ಅಗಿಯಿರಿ ಅಂದರು. ಸ್ವಲ್ಪ ಕಹಿ, ಅಷ್ಟೇ. ಆಮೇಲೆ ಒಂದು ಚೂರು ಬೆಲ್ಲ ಕೊಟ್ಟರು. ಬಾಯಲ್ಲಿ ಮಣ್ಣಿನ ಹೆಂಟೆ ಇಟ್ಟುಕೊಂಡ ಹಾಗಾಯಿತು. ಸಿಹಿ ಎಳ್ಳಷ್ಟೂ ಇಲ್ಲ! ಶೇಂಗಾ ಹಿಂಡಿಯ ಖಾರ ಮಾತ್ರ ಎಂದಿನಂತೆ ಹತ್ತಿತು. ಎಲೆಯಲ್ಲಿರುವ ಜಿಮ್ನೆಮಿಕ್ ಆಮ್ಲಗಳು ನಾಲಿಗೆಯ ಮೇಲೆ ಸಿಹಿ ಗುರುತಿಸುವ ಜಾಗಕ್ಕೆ ಹೋಗಿ ಕೂರುತ್ತವೆ. ಅವು ಬಿಡುವ ತನಕ ಸಿಹಿ ತಿಳಿಯುವುದಿಲ್ಲ. ಸಕ್ಕರೆ ಕಾಯಿಲೆಗೆ ಈ ಎಲೆಯನ್ನು ಹಿಂದಿನಿಂದ ಬಳಸುತ್ತ ಬಂದಿದ್ದಾರೆ. ಅದು ಹೇಗೆ ಕೆಲಸ ಮಾಡುತ್ತದೆ ಅಂತ ಸಂಶೋಧನೆಗಳೂ ನಡೆದಿವೆ. ಹಾಗಂತ ಡಾಕ್ಟರು ಕೊಟ್ಟ ಮಾತ್ರೆ ಬಿಟ್ಟು ಎಲೆ ಅಗಿಯಲು ಹೋಗಬೇಡಿ. ಸರ್ ಅವತ್ತೇ ಇದನ್ನು ಒತ್ತಿ ಹೇಳಿದ್ದರು.

‘ಯಾರು ಹೇಳಿದರು’ ಅನ್ನುವ ಸಾಲು ತುಂಬಲು ಹುಡುಗರೆಲ್ಲ ನಾಟಿ ವೈದ್ಯರ ಹಿಂದೆ ಬಿದ್ದರೆ, ನಮ್ಮ ಕ್ಲಾಸಿನ ಹುಡುಗಿಯರು ಅಡುಗೆಮನೆಗೆ ಹೋದರು. ಅವರು ತಂದ ಹಾಳೆಗಳೇ ಚೆನ್ನಾಗಿದ್ದವು. ಬಾಣಂತಿ ಎರೆಯುವ ನೀರಿಗೆ ಲಕ್ಕಿ ಸೊಪ್ಪು. ಕಾಳಿಗೆ ಹುಳ ಬೀಳದಂತೆ ಅದೇ ಲಕ್ಕಿ, ಬೇವು. ಮಂಗರವಳ್ಳಿಯನ್ನು ಹಾಗೇ ತಿಂದರೆ ಗಂಟಲು ಕೆರೆಯುತ್ತದೆ. ಎಳೆಯ ತುದಿ ಆರಿಸಿ, ನಾರು ಬಿಡಿಸಿ, ಎಣ್ಣೆಯಲ್ಲಿ ಹುರಿದು ಹುಣಸೆಹಣ್ಣು ಹಾಕಿ ರುಬ್ಬಿದರೆ ಚಟ್ನಿ. ಕೆರೆತಕ್ಕೆ ಕಾರಣ ಅದರಲ್ಲಿರುವ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ರೊಟ್ಟಿ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿ, ಬದುವಿನಲ್ಲಿ ತಾನಾಗಿ ಬೆಳೆಯುವ ಎಷ್ಟೋ ತಪ್ಪಲು ಪಲ್ಲೆ. ಯಾವುದು ಎಷ್ಟು ಎಳೆಯದಿದ್ದಾಗ ಕೀಳಬೇಕು, ಯಾವುದರ ನೀರು ಬಸಿದು ಚೆಲ್ಲಬೇಕು ಅನ್ನುವುದು ಅವ್ವಂದಿರಿಗೆ ಗೊತ್ತಿತ್ತು. ಬರಗಾಲದಲ್ಲಿ ಮನೆ ನಡೆದದ್ದು ಈ ತಿಳಿವಳಿಕೆಯಿಂದ. ಔಷಧಿ ಗಿಡ ಅಂದರೆ ಎಲ್ಲರೂ ಕಿವಿಯಗಲಿಸುತ್ತಾರೆ. ಹಸಿವಿನ ಕಾಲದ ಗಿಡಗಳ ಬಗ್ಗೆ ಯಾರೂ ಕೇಳುವುದಿಲ್ಲ. ಇದು ನನಗೆ ಯಾವಾಗಲೂ ಕೊರೆಯುವ ವಿಷಯ.

ಆಮೇಲೆ ಗುಡ್ಡದ ಕಥೆ ಪೇಪರಿನಲ್ಲಿ ಬರತೊಡಗಿತು. ಕಲ್ಲಿನಲ್ಲಿ ಬಂಗಾರ ಇದೆ, ಕಬ್ಬಿಣ ಇದೆ. ಬಿಡುತ್ತಾರೆಯೇ? ನೆತ್ತಿಯ ಮೇಲೆ ಗಾಳಿ ವಿದ್ಯುತ್ತಿನ ಕಂಬಗಳು ಬಂದವು. 2015ರಲ್ಲಿ ಸರ್ಕಾರ ಕಪ್ಪತಗುಡ್ಡವನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿತು, 2016ರಲ್ಲಿ ವಾಪಸ್ ತಗೊಂಡಿತು. ಗದಗದ ಜನ ಬೀದಿಗೆ ಬಂದರು. ಗದಗದ ತೋಂಟದಾರ್ಯ ಮಠದ ಡಾ. ತೋಂಟದ ಸಿದ್ಧಲಿಂಗ ಸ್ವಾಮೀಜಿ, ನಂದಿವೇರಿ ಮಠದ ಶಿವಕುಮಾರ ಸ್ವಾಮೀಜಿ ಮುಂದೆ ನಿಂತರು. 2017ರಲ್ಲಿ ಆದೇಶ ಮರಳಿ ಬಂತು. 2019ರಲ್ಲಿ ಸುಮಾರು 244 ಚದರ ಕಿಲೋಮೀಟರ್ ವನ್ಯಜೀವಿ ಧಾಮವಾಯಿತು. ಊರಿನಿಂದ ದೂರ ಇದ್ದು ಪೇಪರ್ ಓದುತ್ತಿದ್ದ ನನಗೆ ಅವತ್ತು ಆದ ಸಂತೋಷ ಅಷ್ಟಿಷ್ಟಲ್ಲ.

ಧಾಮವಾದ ಮೇಲೆ ಕಲ್ಲು ಉಳಿಯುತ್ತದೆ, ಗಿಡ ಉಳಿಯುತ್ತದೆ. ಬೇಸಿಗೆಯ ಬೆಂಕಿ ಹತೋಟಿಗೆ ಬಂದರೆ ಇನ್ನೂ ಚೆನ್ನಾಗಿ ಉಳಿಯುತ್ತದೆ. ಆದರೆ ಬಳ್ಳಿಯ ಬುಡದಲ್ಲಿ ಕೂತು ಯಾವ ಗಡ್ಡೆ ಬಿಡಬೇಕು ಅಂತ ಗೊತ್ತಿದ್ದವರ ಮಾತನ್ನು ಯಾವ ಆದೇಶವೂ ಉಳಿಸಲಾರದು. ಒಂದು ಹಿಡಿ ಸೊಪ್ಪು ತರುವ ಅಜ್ಜನನ್ನೂ ಲಾರಿ ತುಂಬಾ ಬೇರು ಕೀಳಿಸುವ ದಲ್ಲಾಳಿಯನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಆ ಅಜ್ಜ ಈಗಿಲ್ಲ. ಅವನ ಮೊಮ್ಮಕ್ಕಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ. ಅವರನ್ನು ದೂರುವ ಹಾಗಿಲ್ಲ. ಕುರಿ ಕಾಯ್ದು, ಎಲುಬು ಕಟ್ಟಿ ಹೊಟ್ಟೆ ತುಂಬುವ ಕಾಲ ಅಲ್ಲ ಇದು. ಅವನ ಮಾತುಗಳಲ್ಲಿ ಕೆಲವು ನಮ್ಮ ಹರ್ಬೇರಿಯಂ ಲೇಬಲ್‌ಗಳ ಮೇಲೆ ಮಾತ್ರ ಇವೆ.

ಹೋದ ಸಲ ಕಾಲೇಜಿಗೆ ಬಂದಾಗ ಲ್ಯಾಬಿನ ಹಿಂದಿನ ಕಪಾಟು ತೆಗೆಸಿ ನೋಡಿದೆ. ಹಾಳೆಗಳು ಇನ್ನೂ ಇವೆ. ಕೆಲವಕ್ಕೆ ಹುಳ ಹತ್ತಿದೆ. ಈಗಿನ ವಿದ್ಯಾರ್ಥಿಗಳಲ್ಲಿ, ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಮೊದಲು ಲೇಬಲ್ ಸಮೇತ ಒಂದೊಂದು ಹಾಳೆಯ ಫೋಟೋ ತೆಗೆಯಿರಿ. ಆಮೇಲೆ ನಿಮ್ಮ ನಿಮ್ಮ ಊರಿನ ಗ್ರಾಮ ಪಂಚಾಯ್ತಿಗೆ ಹೋಗಿ ಜೀವವೈವಿಧ್ಯ ದಾಖಲಾತಿ, ಅಂದರೆ ಊರಿನ ಗಿಡ, ಪ್ರಾಣಿ, ಅವುಗಳ ಬಗೆಗಿನ ತಿಳಿವಳಿಕೆ ಬರೆದಿಡುವ ಪುಸ್ತಕ, ತೋರಿಸಿ ಅಂತ ಕೇಳಿ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಅಂಥದ್ದೊಂದು ಇರಬೇಕು. ಅದರಲ್ಲಿ ಗಿಡದ ಹೆಸರಷ್ಟೇ ಇದೆಯೋ, ಎಷ್ಟು ಕೀಳಬೇಕು, ಯಾವಾಗ ಕೀಳಬಾರದು ಅನ್ನುವುದೂ ಇದೆಯೋ ನೋಡಿ. ಇಲ್ಲದಿದ್ದರೆ ಊರಿನ ಹಿರಿಯರನ್ನು ಕೇಳಿ ಬರೆಸಿ. ಅವರು ಒಪ್ಪಿದರೆ ಅವರ ಹೆಸರು ಹಾಕಿ. ಒಪ್ಪದಿದ್ದರೆ ಬಿಡಿ. ತಲೆಮಾರಿನಿಂದ ಬಂದ ಔಷಧವನ್ನು ಎಲ್ಲರಿಗೂ ಹೇಳಲೇಬೇಕು ಅಂತ ನಾವು ಹಟ ಹಿಡಿಯುವಂತಿಲ್ಲ.

ಗುಡ್ಡಕ್ಕೆ ಹೋಗುವುದಾದರೆ ಅರಣ್ಯ ಇಲಾಖೆಯ ಅನುಮತಿ ತಗೊಂಡೇ ಹೋಗಿ, ಬರೀ ಮಳೆಗಾಲದಲ್ಲಿ ಹೋಗಬೇಡಿ, ಏಪ್ರಿಲ್‌ನಲ್ಲೂ ಹೋಗಿ. ಗಿಡ ಕೀಳುವುದು ಬೇಡ, ಈಗ ಫೋಟೋ ಸಾಕು. ಬೇಸಿಗೆ ರಜೆಯಲ್ಲಿ ನಾನು ಗದಗದಲ್ಲೇ ಇರುತ್ತೇನೆ. ಜೊತೆಗೆ ಬರಲು ನಮ್ಮ ಬ್ಯಾಚಿನ ಇನ್ನೂ ಕೆಲವರು ಒಪ್ಪಿದ್ದಾರೆ. ಬಾಟನಿ ವಿಭಾಗದಲ್ಲಿ ನನ್ನ ನಂಬರ್ ಕೊಟ್ಟಿದ್ದೇನೆ, ಫೋನ್ ಮಾಡಿ.