ಲೊರೆನ್ಸ್ ಚರ್ಚಿನಲ್ಲಿ ಬಿಸಿಲು ಬಂದಾಗ

ಜರ್ಮನಿಯ ನ್ಯೂರೆಂಬರ್ಗಿನ ಸೇಂಟ್ ಲೊರೆನ್ಸ್ ಚರ್ಚಿಗೆ ನಾವು ನುಗ್ಗಿದ್ದು ಭಕ್ತಿಯಿಂದಲ್ಲ, ಮಳೆಯಿಂದ. ನವೆಂಬರ್ ತಿಂಗಳು. ಒಳಗೆ ಹೊರಗಿಗಿಂತ ಜಾಸ್ತಿ ಚಳಿ. ಗರ್ಭಗುಡಿಯ ಕಡೆಯ ಎತ್ತರದ ಬಣ್ಣದ ಗಾಜಿನ ಕಿಟಕಿಗಳೆಲ್ಲ ಮಸಿ ಹಿಡಿದ ಹಾಗಿದ್ದವು. ಇದನ್ನು ನೋಡೋಕೆ ಜನ ಎಲ್ಲೆಲ್ಲಿಂದಲೋ ಬರ್ತಾರಾ ಅನ್ನಿಸಿತು.

ಹತ್ತು ನಿಮಿಷಕ್ಕೆ ಮೋಡ ಸರಿಯಿತು. ಕಿಟಕಿ ಹೊತ್ತಿಕೊಂಡಿತು ಅನ್ನಬೇಕು, ಬೇರೆ ಮಾತಿಲ್ಲ.

ನಾನು ನಿಂತಿದ್ದು ಫೋಲ್ಕಾಮರ್ ಕಿಟಕಿಯ ಮುಂದೆ. 1481ರದ್ದು, ಸ್ಟ್ರಾಸ್‌ಬರ್ಗಿನ ಪೀಟರ್ ಹೆಮ್ಮೆಲ್ ಕಾರ್ಖಾನೆಯ ಕೆಲಸ. ಯೇಸುವಿನ ವಂಶವನ್ನು ಮರದ ಹಾಗೆ ತೋರಿಸುವ ಜೆಸ್ಸೆಯ ಮರ ಅದರಲ್ಲಿದೆ. ಮಗ ಹಕ್ಕಿ ನೋಡೋಕೆ ತಂದಿದ್ದ ಬೈನಾಕ್ಯುಲರ್ ಕಸಿದುಕೊಂಡೆ. ದೂರದಿಂದ ಬರೀ ಬಣ್ಣ ಅಂದುಕೊಂಡಿದ್ದರಲ್ಲಿ ಗಡ್ಡದ ಒಂದೊಂದು ಕೂದಲೂ ಕಂಡಿತು. ಗಾಜಿಗೆ ಕಪ್ಪು ಬಳಿದು, ಒಣಗಿದ ಮೇಲೆ ಮೊನೆಯಿಂದ ಗೀರಿ ತೆಗೆದರೆ ಬೆಳಕಿನ ಗೆರೆ ಬರುತ್ತದೆ. ಬರೆಯುವುದಲ್ಲ, ಅಳಿಸುವುದು! ಬಿಳಿ ಗಾಜಿನ ಮೇಲೆ ಬೆಳ್ಳಿಯ ಲೇಪ ಹಚ್ಚಿ ಸುಟ್ಟರೆ ಚಿನ್ನದ ಹಳದಿ. ಮುಖ ಬಿಳಿ, ಕೂದಲು ಹಳದಿ, ಎರಡೂ ಒಂದೇ ತುಂಡಿನಲ್ಲಿ, ತುಂಡುಗಳನ್ನು ಜೋಡಿಸುವ ಸೀಸದ ಪಟ್ಟಿ ನಡುವೆ ಬೇಡವೇ ಬೇಡ. ಕೆಂಪಿನದ್ದು ಇನ್ನೊಂದು ಉಪಾಯ. ಇಡೀ ಗಾಜು ಕೆಂಪಾದರೆ ಕಪ್ಪಾಗಿ ಕಾಣುತ್ತದೆ, ಅದಕ್ಕೆ ಬಣ್ಣವಿಲ್ಲದ ಗಾಜಿನ ಮೇಲೆ ತೆಳ್ಳಗೆ ಒಂದು ಕೆಂಪು ಪದರ.

ನಾನು ಸುಮ್ನಿರದೆ ಮಗನಿಗೆ, "ಹಳೇ ಗಾಜು ನಿಧಾನವಾಗಿ ಹರಿಯುತ್ತೆ, ಅದಕ್ಕೇ ಕೆಳಗೆ ದಪ್ಪ" ಅಂದೆ. ಆಮೇಲೆ ಓದಿದರೆ ಅದು ಶುದ್ಧ ಸುಳ್ಳು. ಬಾಯಿಂದ ಊದಿ ಮಾಡಿದ ಗಾಜು ಮೊದಲಿನಿಂದಲೇ ಏರುಪೇರು, ಅಷ್ಟೇ.

ಕಿಟಕಿಯ ಕೆಳಗಿನ ಚಿತ್ರದಲ್ಲಿ, ಅದಕ್ಕೆ ದುಡ್ಡು ಕೊಟ್ಟ ಪೀಟರ್ ಫೋಲ್ಕಾಮರ್ ಮನೆಯವರು ಮಂಡಿಯೂರಿ ಕೂತಿದ್ದಾರೆ. ನಮ್ಮೂರ ದೇವಸ್ಥಾನದ ಟ್ಯೂಬ್‌ಲೈಟ್ ನೆನಪಾಯಿತು. ಅರ್ಧ ಬೆಳಕು ಮುಚ್ಚುವಷ್ಟು ದಪ್ಪಕ್ಷರದಲ್ಲಿ "ಸೇವಾಕರ್ತರು" ಅಂತ ಬರೆದಿರ್ತಾರಲ್ವಾ, ಅದು. ಇಲ್ಲಿ ದಾನಿಯ ಮೈಯೊಳಗಿಂದಲೇ ಬೆಳಕು ಬರುತ್ತಿತ್ತು. ಈ ಜಾಣತನ ನನಗೆ ಹಿಡಿಸಿತು.

ಎರಡನೇ ಮಹಾಯುದ್ಧದಲ್ಲಿ ಬಾಂಬಿಗೆ ಚರ್ಚು ಜಖಂ ಆದರೂ ಗಾಜು ಉಳಿದಿದ್ದು, ಮೊದಲೇ ಬಿಚ್ಚಿ ಬಚ್ಚಿಟ್ಟಿದ್ದರಿಂದ. ಒಂದೊಂದೇ ತುಂಡನ್ನು ಎಷ್ಟು ಜೋಪಾನವಾಗಿ ಇಳಿಸಿರಬೇಕು!

ಅಷ್ಟರಲ್ಲಿ ಮತ್ತೆ ಮೋಡ. ಮೊದಲು ನೀಲಿ ಮಂಕಾಯಿತು, ಆಮೇಲೆ ಕೆಂಪು. ಹಳದಿ ಕೂದಲು ಮಾತ್ರ ಇನ್ನೂ ಸ್ವಲ್ಪ ಹೊತ್ತು ಮಿನುಗುತ್ತಿತ್ತು.

"ಅಮ್ಮ, ಲೈಟ್ ಹಾಕೋಕೆ ಹೇಳು" ಅಂದ ಮಗ, ಬೈನಾಕ್ಯುಲರ್ ವಾಪಸ್ ಕಿತ್ತುಕೊಳ್ಳುತ್ತಾ.