ಎದ್ದು ನಿಲ್ಲುವಷ್ಟು ಎತ್ತರ

ಒಳಗೇ ಮಲಗಿ, ಅಡುಗೆ ಮಾಡಿಕೊಂಡು ಸುತ್ತಾಡುವಂಥ ಕ್ಯಾಂಪರ್ ಮಾಡಿಸಲೆಂದು ಹಳೆಯ ವ್ಯಾನ್ ಹುಡುಕುತ್ತಿರುವ ನಾನು ಇಂದು ಎರಡನ್ನು ನೋಡಿ ಬಂದೆ. ಮಾರುತಿ ಈಕೋ ಮಲೆನಾಡಿನ ಕಿರಿದಾದ ತಿರುವುಗಳಿಗೆ ಹೇಳಿ ಮಾಡಿಸಿದಂತಿದ್ದರೂ ಅದರೊಳಗೆ ನಡು ಬಗ್ಗಿಸಿಯೇ ಇರಬೇಕು. ಮಳೆ ಹಿಡಿದ ದಿನ ಒಲೆ ಹಚ್ಚುವುದಿರಲಿ, ಒದ್ದೆ ಪ್ಯಾಂಟು ಬದಲಿಸುವುದೂ ಸಾಹಸವೇ ಸರಿ. ಇನ್ನೊಂದು ಫೋರ್ಸ್ ಟ್ರಾವೆಲರ್ 3350; ಆ ಸಂಖ್ಯೆ ಹಿಂದು ಮುಂದಿನ ಗಾಲಿಗಳ ನಡುವಿನ ಅಂತರವನ್ನು ಮಿಲಿಮೀಟರಿನಲ್ಲಿ ಹೇಳುತ್ತದೆ. ಅದರೊಳಗೆ ತಲೆ ತಗುಲದೆ ನಿಂತಾಗಲೇ ನನ್ನ ಮನಸ್ಸು ಅರ್ಧ ಸೋತಿತ್ತು. ಊರೂರು ಅಲೆಯಬೇಕೆಂದು ಹೊರಟವನು ಮೊದಲು ಅಳೆದದ್ದು ಸೂರಿನ ಎತ್ತರವನ್ನೇ ಎಂಬುದು ಆಮೇಲೆ ವಿಚಿತ್ರವೆನಿಸಿತು.

ಆದರೆ ಹಿಂಬಾಗಿಲ ಬಳಿಯ ರಬ್ಬರ್ ಮ್ಯಾಟ್ ಎತ್ತಿ ನೋಡಿದರೆ, ಹೊಸ ಬಣ್ಣದ ಅಡಿಯಲ್ಲಿ ತಗಡು ಹಪ್ಪಳದಂತೆ ಉಬ್ಬಿತ್ತು. ಸ್ಕ್ರೂಡ್ರೈವರ್ ತುದಿ ತಗುಲಿಸಿದೊಡನೆ ಕೆಂಪು ಪುಡಿ ಉದುರಿ ಕೆಳಗಿನ ನೆಲವೇ ಕಾಣಿಸಿತು. ಎಂಜಿನ್ನನ್ನಾದರೂ ಬಿಚ್ಚಿ ಕಟ್ಟಿಸಬಹುದು, ಇಂಥ ತಳದ ಮೇಲೆ ಪ್ಲೈವುಡ್ ಹೊದಿಸಿ ಮಂಚ ಕೂರಿಸಿದರೆ ತುಕ್ಕು ಕಣ್ಣಿಗೆ ಬೀಳದೆ ಹಬ್ಬುತ್ತಲೇ ಇರುತ್ತದೆ.

ತಯಾರಕರು ಮೂಲತಃ ನಮೂದಿಸಿದ, ನೋಂದಣಿ ಪತ್ರದಲ್ಲಿರುವ ವಿವರಗಳು ಬದಲಾಗುವಂತೆ ವಾಹನವನ್ನು ಮಾರ್ಪಡಿಸುವುದಕ್ಕೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಅಡ್ಡಿ ಮಾಡುವುದರಿಂದ, ಸೀಟು ಕಳಚುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಬೇಕು. “ಅದನ್ನೆಲ್ಲ ಯಾರು ನೋಡ್ತಾರೆ ಸಾರ್” ಎಂದರು ಮಾರುವವರು. ಭಾನುವಾರ ಇನ್ನೊಂದು ಟ್ರಾವೆಲರ್ ನೋಡುವುದಿದೆ. ಸ್ಕ್ರೂಡ್ರೈವರನ್ನು ಈಗಲೇ ಚೀಲಕ್ಕೆ ಹಾಕಿಟ್ಟಿದ್ದೇನೆ.