ಸುವೊನ್‌ನಲ್ಲಿ ಬಿಲ್ಲು ಎಳೆದು ನೋಡಿದ್ದು

ಕೊರಿಯಾದವರು ಒಲಿಂಪಿಕ್ಸ್ ಬಿಲ್ಲುಗಾರಿಕೆಯಲ್ಲಿ ಪದಕ ಬಾಚಿಕೊಂಡು ಹೋಗುವುದು ಎಲ್ಲರಿಗೂ ಗೊತ್ತು. ಅದೇ ದೇಶದಲ್ಲಿ ಇನ್ನೊಂದು ಬಿಲ್ಲೂ ಇದೆ. ಅದಕ್ಕೆ ಗುರಿ ಹಿಡಿಯುವ ಸಾಧನವಿಲ್ಲ, ಮುಂದಕ್ಕೆ ಚಾಚಿದ ಕಡ್ಡಿಗಳಿಲ್ಲ. ದೂರ ಮಾತ್ರ ದುಪ್ಪಟ್ಟು. ಒಲಿಂಪಿಕ್ಸ್‌ನಲ್ಲಿ 70 ಮೀಟರ್, ಇಲ್ಲಿ 145. ನನಗೆ ಬೇಕಿದ್ದದ್ದು ಈ ಬಿಲ್ಲು. ಕಾಲೇಜಿನ ಗೆಳೆಯನೊಬ್ಬ ಸುವೊನ್‌ನಲ್ಲೇ ಕೆಲಸಕ್ಕಿದ್ದಾನೆ. ಸ್ಯಾಮ್‌ಸಂಗ್ ಎಲೆಕ್ಟ್ರಾನಿಕ್ಸ್‌ನ ಮುಖ್ಯ ಕಚೇರಿ ಇರುವ ಊರು ಅದು, ಕನ್ನಡ ಮಾತಾಡುವ ಎಂಜಿನಿಯರ್‌ಗಳಿಗೇನೂ ಬರವಿಲ್ಲ. ಅವನು ಅಲ್ಲಿನ ಬಿಲ್ಲುಗಾರರ ಕ್ಲಬ್ಬೊಂದಕ್ಕೆ ಸೇರಿದ್ದಾನೆ ಅಂತ ತಿಳಿದ ಮೇಲೆ ನಾನು ಟಿಕೆಟ್ ತೆಗೆಯುವುದಕ್ಕೆ ಜಾಸ್ತಿ ಯೋಚಿಸಲಿಲ್ಲ.

ಸೋಲ್‌ನಿಂದ ಒಂದನೇ ಲೈನ್ ಸಬ್‌ವೇ ಹಿಡಿದರೆ ಸುಮಾರು ಒಂದು ಗಂಟೆಗೆ ಸುವೊನ್. ಊರಿನ ನಡುವೆ ಹ್ವಾಸೊಂಗ್ ಕೋಟೆ. ಜೊಂಗ್ಜೊ ಎಂಬ ರಾಜ 1794ರಿಂದ 1796ರೊಳಗೆ ಕಟ್ಟಿಸಿದ್ದು. ಗೋಡೆಯ ಸುತ್ತಳತೆ ಐದೂವರೆ ಕಿಲೋಮೀಟರಿಗೂ ಮೇಲೆ. ಈ ರಾಜ ಭಾರಿ ಬಿಲ್ಲುಗಾರ. 50 ಬಾಣಗಳಲ್ಲಿ 49 ಗುರಿಗೆ ಹೊಡೆದು, ಕೊನೆಯದನ್ನು ಬೇಕಂತಲೇ ಬೇರೆ ಕಡೆ ಬಿಡುತ್ತಿದ್ದನಂತೆ. ವಿನಯ ಅನ್ನುತ್ತಾರೆ. ನನಗೇನೋ ಅದು ವಿನಯಕ್ಕಿಂತ ಜಂಬವೇ ಜಾಸ್ತಿ ಅನ್ನಿಸಿತು.

ಕೋಟೆಯ ಪೂರ್ವದಲ್ಲಿ ಸೈನಿಕರ ತಾಲೀಮಿಗೆ ಅಂತ ಕಟ್ಟಿದ ಯೊನ್ಮುದೆ ಇದೆ. ಅಲ್ಲಿ ಪ್ರವಾಸಿಗಳಿಗೂ ಬಿಲ್ಲು ಕೊಡುತ್ತಾರೆ. ದುಡ್ಡು ಕೊಟ್ಟು, ಬಾಣಗಳ ಕಟ್ಟು ತಗೊಂಡು, ಸಾಲಾಗಿ ನಿಂತು ಬಿಡುವುದು. ಮಕ್ಕಳೂ ಎಳೆಯಬಹುದಾದಷ್ಟು ಹಗುರದ ಬಿಲ್ಲು, ಗುರಿಯೂ ಹತ್ತಿರ. ಖುಷಿಯಾಗುತ್ತದೆ, ಆದರೆ ಬಿಲ್ಲು ಕೊಳ್ಳುವವನಿಗೆ ಇದರಿಂದ ಏನೂ ತಿಳಿಯುವುದಿಲ್ಲ. ಗೆಳೆಯ ಆಮೇಲೆ ನನ್ನನ್ನು ತನ್ನ ಕ್ಲಬ್ಬಿಗೆ ಕರೆದುಕೊಂಡು ಹೋದ.

ಅಲ್ಲಿ ಮೊದಲು ಕಣ್ಣಿಗೆ ಬಿದ್ದದ್ದು ದೂರ. 145 ಮೀಟರ್ ಅಂತ ಓದುವುದು ಬೇರೆ, ನಿಂತು ನೋಡುವುದು ಬೇರೆ. ಗುರಿ ಎರಡು ಮೀಟರ್ ಅಗಲದ ದೊಡ್ಡ ಹಲಗೆ, ಸ್ವಲ್ಪ ಹಿಂದಕ್ಕೆ ವಾಲಿರುತ್ತದೆ. ಇಲ್ಲಿಂದ ಅದು ಅಂಚೆ ಚೀಟಿಯಷ್ಟು. ಹಲಗೆಯ ಎಲ್ಲಿ ತಾಗಿದರೂ ಸರಿ, ನಡುವಿಗೇ ಬೀಳಬೇಕು ಅಂತಿಲ್ಲ. ಒಂದು ಸರದಿಗೆ ಐದು ಬಾಣ. ಹೊಸಬರು ಮೊದಲ ಬಾಣ ಬಿಡುವ ಮುಂಚೆ "ಬಿಲ್ಲು ಕಲಿಯುತ್ತಿದ್ದೇನೆ" ಅಂತ ಎಲ್ಲರಿಗೂ ಕೇಳುವಂತೆ ಹೇಳಬೇಕು. ಉಳಿದವರು "ತುಂಬಾ ಹೊಡೆಯಿರಿ" ಅನ್ನುತ್ತಾರೆ.

ನನಗೆ ಮಾತ್ರ ಗುರಿಯತ್ತ ಬಿಡಲು ಅವಕಾಶ ಸಿಗಲಿಲ್ಲ. ಹಗ್ಗಕ್ಕೆ ಕಟ್ಟಿದ ಬಾಣ ಕೊಟ್ಟರು. ಬಿಟ್ಟರೆ ಒಂದಿಷ್ಟು ಹೋಗಿ ನಿಲ್ಲುತ್ತದೆ. ಹೊಸಬರು ವಾರಗಟ್ಟಲೆ ಇದನ್ನೇ ಮಾಡುತ್ತಾರಂತೆ. ಹೆದೆಯನ್ನು ಎಳೆಯುವುದು ಹೆಬ್ಬೆರಳಿನಿಂದ, ಅದಕ್ಕೊಂದು ಉಂಗುರ ಹಾಕಿಕೊಂಡು. ಬಾಣ ಕೂರುವುದು ಬಿಲ್ಲಿನ ಬಲಕ್ಕೆ. ಹಿಡಿದ ಎಡಗೈಯನ್ನು ಬಟ್ಟೆ ಹಿಂಡುವಾಗಿನಂತೆ ಸ್ವಲ್ಪ ಒಳಕ್ಕೆ ತಿರುಚಬೇಕು. ಆ ತಿರುಚು ತಪ್ಪಿದರೆ ಹೆದೆ ಬಂದು ಮೊಣಕೈ ಕೆಳಗೆ ಬಾರಿಸುತ್ತದೆ. ಒಮ್ಮೊಮ್ಮೆ ಕೆನ್ನೆಗೂ ಬಾರಿಸುತ್ತದೆ. ಗೆಳೆಯನ ಕಿವಿಯ ಹತ್ತಿರ ಅದರ ಹಳೇ ಗುರುತಿದೆ.

ಮೊದಲು 45 ಪೌಂಡಿನ ಬಿಲ್ಲು ಎತ್ತಿಕೊಂಡೆ. ಪೌಂಡ್ ಅಂದರೆ ಬಿಲ್ಲಿನ ತೂಕವಲ್ಲ, ಹೆದೆ ಎಳೆಯಲು ಬೇಕಾದ ಬಲ. ಎಳೆದೆ, ಬಂತು. "ನೋಡು, ಆಗುತ್ತೆ" ಅಂದೆ.

"ಎಳೆಯೋದಲ್ಲ ಮಾರಾಯ, ಹಿಡಿದು ನಿಲ್ಲು" ಅಂದ.

ಮೂರು ಎಣಿಸುವಷ್ಟರಲ್ಲಿ ಭುಜ ಮೇಲೇರಿತು, ಉಸಿರು ಕಟ್ಟಿತು, ಎಡಗೈ ಅದುರತೊಡಗಿತು. ಅವನು 40ರದ್ದು ಕೊಟ್ಟ, ಆಮೇಲೆ 35ರದ್ದು. ಅದರಲ್ಲಿ ಹೆದೆ ಕೆನ್ನೆ ದಾಟಿ ಹಿಂದೆ ಹೋದ ಮೇಲೂ ಮೈ ಹಗುರವಾಗಿತ್ತು, ಗುರಿಯ ಮೇಲಿನ ಗುಡ್ಡ ನೋಡುವಷ್ಟು ಪುರುಸೊತ್ತೂ ಸಿಕ್ಕಿತು. ಅಷ್ಟು ದೂರಕ್ಕೆ ಗುರಿಯನ್ನೇ ನೋಡಿ ಬಿಟ್ಟರೆ ಬಾಣ ಮೊದಲೇ ನೆಲಕ್ಕೆ ಬೀಳುತ್ತದೆ. ಅಂಗಡಿಯಲ್ಲಿ ಸುಮ್ನೆ ಒಂದು ಸಲ ಎಳೆದು ಪೌಂಡ್ ನಿರ್ಧರಿಸಬೇಡಿ. ಸುಸ್ತಾದ ಮೇಲೆ ಎಳೆಯಿರಿ, ಆಗ ಗೊತ್ತಾಗುತ್ತದೆ.

ಇವೆಲ್ಲ ಫೈಬರ್‌ಗ್ಲಾಸ್, ಮರ ಸೇರಿಸಿ ಮಾಡಿದ ಈಗಿನ ಕಾಲದ ಬಿಲ್ಲುಗಳು. ನನ್ನ ಕಣ್ಣಿದ್ದದ್ದು ಗಕ್‌ಗುಂಗ್ ಮೇಲೆ, ಅಂದರೆ ಕೊಂಬಿನ ಬಿಲ್ಲು. ಒಳಗೆ ಬಿದಿರು, ತುದಿಗಳಿಗೆ ಹಿಪ್ಪುನೇರಳೆ ಮರ, ಎಳೆಯುವವನ ಕಡೆಗೆ ಕೋಣದ ಕೊಂಬಿನ ಪಟ್ಟಿ, ಆಚೆ ಬದಿಗೆ ಎತ್ತಿನ ನರದ ನಾರು. ಎಲ್ಲವನ್ನೂ ಹಿಡಿದಿಡುವುದು ಮೀನಿನ ಗಾಳಿಚೀಲದಿಂದ ತೆಗೆದ ಅಂಟು. ಕೊರಿಯಾದಲ್ಲಿ ಅಂಥ ಕೋಣಗಳಿರಲಿಲ್ಲ. ಹಿಂದೆ ಕೊಂಬು ದಕ್ಷಿಣದ ದೇಶಗಳಿಂದ, ಬಹುಪಾಲು ಚೀನಾ ಮೂಲಕ ಬರಬೇಕಿತ್ತು.

ಕ್ಲಬ್ಬಿನ ಹಿರಿಯರೊಬ್ಬರು ತಮ್ಮ ಕೊಂಬಿನ ಬಿಲ್ಲನ್ನು ಬೆಚ್ಚಗಿನ ಪೆಟ್ಟಿಗೆಯಿಂದ ತೆಗೆದರು. ಹೆದೆಯಿಲ್ಲದಾಗ ಅದು ಬಿಲ್ಲಿನಂತೆ ಕಾಣುವುದೇ ಇಲ್ಲ, ಉಲ್ಟಾ ಸುರುಳಿ ಸುತ್ತಿಕೊಂಡಿರುತ್ತದೆ. ಸಣ್ಣ ಶಾಖಕ್ಕೆ ಹಿಡಿದು ಕಾಯಿಸಿದರು. ಅಂಗೈಯಿಂದ ಮುಟ್ಟಿ ನೋಡಿದರು, ಮತ್ತೆ ಕಾಯಿಸಿದರು. ಆಮೇಲೆ ಬಗ್ಗಿಸಿ ಹೆದೆ ಏರಿಸಿ, ನೆಲದ ಮೇಲಿಟ್ಟು, ಒಂದು ಬದಿ ಜಾಸ್ತಿ ಬಾಗಿದೆ ಅಂತ ಪಾದದಿಂದ ಒತ್ತಿದರು. ಕಣ್ಣಳತೆ ನೋಡಿ ಇನ್ನೊಂದು ಸಲ ಒತ್ತಿದರು. ಎಳೆದು ನೋಡಲು ನನಗೂ ಕೊಟ್ಟರು. ಬಾಣವಿಲ್ಲದೆ ಬಿಡಬಾರದು ಅಂತ ಬೆರಳು ತೋರಿಸಿ ಎಚ್ಚರಿಸಿದರು. ಫೈಬರ್ ಬಿಲ್ಲು ಕೊನೆಗೆ ಗಟ್ಟಿಯಾಗುತ್ತಾ ಹೋಗುತ್ತದೆ. ಇದು ಕೊನೆಯವರೆಗೂ ಮೆತ್ತಗೆ ಬಂತು. ಆಸೆ ಆಯ್ತು, ಸುಳ್ಳು ಹೇಳುವುದಿಲ್ಲ.

ಆದರೆ ನಮ್ಮನೆ ಇರುವುದು ತೀರ್ಥಹಳ್ಳಿ ಕಡೆ. ಈ ಅಂಟಿಗೆ ತೇವ ಅಂದರೆ ಆಗದು. ಕೊರಿಯಾದವರೇ ಮಳೆಗಾಲದಲ್ಲಿ ಇದನ್ನು ಬೆಚ್ಚಗಿಟ್ಟು, ಫೈಬರ್ ಬಿಲ್ಲು ಹಿಡಿಯುತ್ತಾರಂತೆ. ನಮ್ಮಲ್ಲಿ ಜೂನ್‌ನಿಂದ ಹಾಕಿಕೊಂಡ ಬಟ್ಟೆಯೇ ಒಣಗುವುದಿಲ್ಲ. ಬೆಲೆಯೂ ಫೈಬರ್ ಬಿಲ್ಲಿನ ಮೂರು ಪಟ್ಟಿಗೆ ಕಮ್ಮಿಯಿಲ್ಲ. ಅಲ್ಲಿ ಬಿಲ್ಲುಗಾರರಿಗೆ ಪರೀಕ್ಷೆ ಮಾಡಿ ಕೊಡುವ ದರ್ಜೆಗಳಲ್ಲಿ ಐದನೆಯದಕ್ಕೆ ಏರಬೇಕೆನ್ನುವವರಿಗೆ ಕೊಂಬಿನ ಬಿಲ್ಲು, ಬಿದಿರಿನ ಬಾಣವೇ ಕಡ್ಡಾಯ. ನನಗೇಕೆ ಆ ಉಸಾಬರಿ, ಅಲ್ವಾ?

35 ಪೌಂಡಿನದೇ ತಗೊಂಡೆ. ಅಂಗಡಿಯವನು ನನ್ನ ಕೈ ಚಾಚಿಸಿ, ಕತ್ತಿನಿಂದ ಬೆರಳ ತುದಿವರೆಗೆ ಅಳೆದು ಬಾಣದ ಉದ್ದ ಹೇಳಿದ. ಕಾರ್ಬನ್ ಬಾಣಗಳು ಸಾಕು ಅಂದೆ. ಹೆಬ್ಬೆರಳ ಉಂಗುರಗಳನ್ನು ಮಾತ್ರ ಒಂದೊಂದಾಗಿ ಹಾಕಿ ನೋಡಿ ಬಹಳ ಹೊತ್ತು ತಗೊಂಡೆ, ಅದು ಸಡಿಲವಾದರೆ ಬೆರಳು ಉಳಿಯುವುದಿಲ್ಲ. ವಿಮಾನದಲ್ಲಿ ಬಿಲ್ಲು, ಬಾಣ ಎರಡೂ ಚೆಕ್-ಇನ್ ಸಾಮಾನಿನಲ್ಲೇ ಹೋಗಬೇಕು. ಹೆದೆ ಬಿಚ್ಚಿದರೆ ಇದೇನೂ ಉದ್ದವಿಲ್ಲ, ಗೆಳೆಯ ಕೊಟ್ಟ ಗಟ್ಟಿ ಕೊಳವೆಯಲ್ಲಿ ಆರಾಮಾಗಿ ಕೂತಿತು. ಊರಲ್ಲಿ 145 ಮೀಟರ್ ಜಾಗ ಬೇಕಂದರೆ ಗದ್ದೆ ಕೊಯ್ಲಾಗುವವರೆಗೆ ಕಾಯಬೇಕು. ಅಲ್ಲಿಯವರೆಗೆ ಅಂಗಳದ ಕಂಬಕ್ಕೆ ಹಗ್ಗ ಕಟ್ಟಿಕೊಂಡು ಅಭ್ಯಾಸ.